ಶೋರೂಮಿನ ಕಾರು, ಮಹಾಕೂಟದ ಗೀರು

ಶ್ರಾವಣ ಸೋಮವಾರ ಬಾದಾಮಿ ಬಳಿಯ ಮಹಾಕೂಟದಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಗುಡ್ಡದ ಮಗ್ಗುಲಲ್ಲಿ, ಮರಗಳ ನೆರಳಲ್ಲಿ, ಸಿಕ್ಕ ಸಂದಿಯಲ್ಲಿ ಗಾಡಿ ತೂರಿಸಿ ಜನ ಪುಷ್ಕರಣಿಯ ಕಡೆ ಇಳಿಯುತ್ತಾರೆ. ಟಂಟಂ, ಕ್ರೂಸರ್, ಟ್ರ್ಯಾಕ್ಟರ್, ಬೈಕು ಎಲ್ಲವೂ ಒತ್ತೊತ್ತಾಗಿ ನಿಂತಿರುತ್ತವೆ. ದರ್ಶನ ಮುಗಿಸಿ ಬಂದು ರಿವರ್ಸ್ ತೆಗೆಯುವಾಗ, ಕನ್ನಡಿಯಲ್ಲಿ ಕಾಣದ ಮೊಣಕಾಲೆತ್ತರದ ಕಲ್ಲಿಗೆ ಹಿಂದಿನ ಬಂಪರ್ ಉಜ್ಜುತ್ತದೆ. ಇಳಿದು ನೋಡಿದರೆ ಗೇಣುದ್ದದ ಗೀರು, ಮೂಲೆಯಲ್ಲಿ ಸಣ್ಣ ನೆಗ್ಗು. ಸ್ವಂತ ಗಾಡಿಯಾದರೆ ‘ಹೋಗ್ಲಿ ಬಿಡ್ರಿ, ಗಾಡಿ ಅಂದಮ್ಯಾಲ ಇಷ್ಟು ಆಗೂದ’ ಎಂದು ಹೊರಟುಬಿಡಬಹುದು. ಆದರೆ ಸ್ವಂತ ಕಾರನ್ನು ಬಾಗಲಕೋಟೆಯಲ್ಲಿ ರಿಪೇರಿಗೆ ಬಿಟ್ಟು, ಅದು ಕೈಗೆ ಬರುವ ತನಕ ಓಡಾಡಲೆಂದು ಶೋರೂಮಿನವರು ಕೊಟ್ಟ ಕಾರು ಅದಾಗಿದ್ದರೆ?

ನಮ್ಮ ಕಡೆ ಈ ಬದಲಿ ಕಾರಿನ ಪದ್ಧತಿ ಇನ್ನೂ ಹೊಸದು. ರಿಪೇರಿ ದಿನಗಟ್ಟಲೆ ಎಳೆದಾಗ, ಪಾರ್ಟ್ಸ್ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರುವುದಿದ್ದಾಗ, ಹಳೆಯ ಗಿರಾಕಿಗೆ ವಿಶ್ವಾಸದ ಮೇಲೆ ಒಂದು ಗಾಡಿ ಕೊಟ್ಟು ಕಳಿಸುವುದುಂಟು. ಕೊಡುವವರು ಬಾಡಿಗೆ ಕೇಳುವುದಿಲ್ಲ, ಒಯ್ಯುವವರು ಕಾಗದ ಓದುವುದಿಲ್ಲ. ಬಾಯಿಮಾತಿನಲ್ಲೇ ಎಲ್ಲ ಮುಗಿಯುತ್ತದೆ. ಗೀರು ಬಿದ್ದ ಮೇಲೆ ಮಾತ್ರ ಬಾಯಿಮಾತು ಸಾಲುವುದಿಲ್ಲ. ಯಾರು ತೆರಬೇಕು, ಎಷ್ಟು ತೆರಬೇಕು ಎಂಬುದಕ್ಕೆ ಕಾನೂನಿದೆ, ವಿಮೆಯ ಲೆಕ್ಕವಿದೆ, ಬಣ್ಣದ ಲೆಕ್ಕವೂ ಇದೆ. ಇವೆಲ್ಲವನ್ನೂ ಜೋಡಿಸಿ ನೋಡಿದಾಗ ನನಗೆ ಮುಖ್ಯವೆನಿಸಿದ್ದು ಇಷ್ಟು: ಕಾನೂನು ಗೀರಿನ ಉದ್ದ ಅಳೆಯುವುದಿಲ್ಲ. ಗಾಡಿಯನ್ನು ಯಾವ ಕೆಲಸಕ್ಕೆ ಕೊಟ್ಟಿದ್ದರು, ಯಾವ ಕೆಲಸಕ್ಕೆ ಒಯ್ದಿರಿ, ಆದದ್ದನ್ನು ಯಾವಾಗ ಹೇಳಿದಿರಿ ಎಂದು ಅದು ಕೇಳುತ್ತದೆ.

ಕಾಶಿಗೆಂದು ಒಯ್ದ ಕುದುರೆ

1872ರ ಭಾರತೀಯ ಕರಾರು ಕಾಯ್ದೆಯಲ್ಲಿ 148ನೇ ಕಲಮಿನಿಂದ ಮುಂದೆ ಒಂದು ಪೂರ್ತಿ ಅಧ್ಯಾಯ, ಒಬ್ಬರ ವಸ್ತು ಇನ್ನೊಬ್ಬರ ವಶಕ್ಕೆ ಹೋದಾಗಿನ ಹಕ್ಕು-ಹೊಣೆಗಳ ಬಗ್ಗೆ ಇದೆ. ಎರವಲು, ಬಾಡಿಗೆ, ಒತ್ತೆ, ರಿಪೇರಿಗೆ ಬಿಟ್ಟದ್ದು, ಕಾಯಲು ಕೊಟ್ಟದ್ದು ಎಲ್ಲವೂ ಅದರೊಳಗೆ ಬರುತ್ತವೆ. ಕಾರಿನ ಹೆಸರು ಅಲ್ಲಿಲ್ಲ, ಆಗ ಕಾರೇ ಇರಲಿಲ್ಲ. ಆದರೆ ಕುದುರೆ ಇದೆ, ಮತ್ತು ಆ ಕುದುರೆಯ ನ್ಯಾಯವೇ ಇವತ್ತಿಗೂ ಶೋರೂಮಿನ ಕಾರಿಗೆ ನಡೆಯುತ್ತದೆ.

ಮೂಲ ಸೂತ್ರ 151 ಮತ್ತು 152ನೇ ಕಲಮುಗಳಲ್ಲಿದೆ. ಸಾಮಾನ್ಯ ವಿವೇಕದ ಮನುಷ್ಯ ಅಷ್ಟೇ ಬೆಲೆಯ ತನ್ನ ಸ್ವಂತ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಬೇರೆಯವರ ವಸ್ತುವನ್ನು ನೋಡಿಕೊಳ್ಳಬೇಕು. ಅಷ್ಟು ಜತನ ಮಾಡಿಯೂ ಹಾನಿಯಾದರೆ, ಬೇರೆ ಕರಾರು ಇಲ್ಲದಿದ್ದರೆ, ಹೊಣೆ ಒಯ್ದವನದಲ್ಲ. ಕಾರು ತಂದವರೆಲ್ಲ ಪ್ರತಿಯೊಂದು ಗೀರಿಗೂ ತೆರಲೇಬೇಕು ಎಂಬ ನಂಬಿಕೆ ಇಲ್ಲಿಗೇ ಸಡಿಲವಾಗುತ್ತದೆ. ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ನೀವು ದೂರ ಕಾಯ್ದುಕೊಂಡೇ ಬರುತ್ತಿದ್ದೀರಿ. ಗಾಲಿಯಡಿಯಿಂದ ಕಲ್ಲು ಸಿಡಿದು ಗಾಜಿಗೆ ಬಡಿಯಿತು. ಅದು ನಿಮ್ಮ ಅಜಾಗರೂಕತೆಯಲ್ಲ. ಹಿಂದೆ ನೋಡದೆ ರಿವರ್ಸ್ ತೆಗೆದು ಕಲ್ಲಿಗೆ ಉಜ್ಜಿದ್ದು ಬೇರೆ ಮಾತು. ಜತೆಯಲ್ಲಿದ್ದವರೊಬ್ಬರನ್ನು ಕೆಳಗಿಳಿಸಿ ‘ಬರ್ಲಿ ಬರ್ಲಿ’ ಎನ್ನಿಸಿಕೊಳ್ಳುವ ಅವಕಾಶವಿದ್ದೂ ಅದನ್ನು ಮಾಡಲಿಲ್ಲವಾದರೆ ಖರ್ಚು ನಿಮ್ಮ ತಲೆಗೇ ಬರುವುದು ನ್ಯಾಯ.

ಇದಕ್ಕಿಂತ ಬಿಗಿಯಾದದ್ದು 154ನೇ ಕಲಮು. ವಸ್ತುವನ್ನು ಕೊಟ್ಟ ಷರತ್ತಿಗೆ ಹೊರತಾಗಿ ಬಳಸಿದರೆ, ಆ ಬಳಕೆಯಲ್ಲಾದ ಯಾವುದೇ ಹಾನಿಗೂ ಬಳಸಿದವನೇ ಹೊಣೆ. ಎಚ್ಚರಿಕೆಯಿಂದಲೇ ಬಳಸಿದ್ದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಇದನ್ನು ವಿವರಿಸಲು ಕಾಯ್ದೆಯೇ ಎರಡು ಉದಾಹರಣೆ ಕೊಡುತ್ತದೆ. ಒಬ್ಬ ತನ್ನ ಕುದುರೆಯನ್ನು ಗೆಳೆಯನಿಗೆ, ಅವನೊಬ್ಬನೇ ಸವಾರಿ ಮಾಡಲೆಂದು ಕೊಡುತ್ತಾನೆ. ಗೆಳೆಯ ತನ್ನ ಮನೆಯವನೊಬ್ಬನನ್ನು ಹತ್ತಿಸುತ್ತಾನೆ. ಅವನು ಜೋಪಾನವಾಗಿಯೇ ಓಡಿಸುತ್ತಾನೆ, ಆದರೂ ಕುದುರೆ ಬಿದ್ದು ಪೆಟ್ಟಾಗುತ್ತದೆ. ಎರವಲು ತಂದವನೇ ಹೊಣೆ. ಎರಡನೆಯದರಲ್ಲಿ ಒಬ್ಬ ಕಲ್ಕತ್ತೆಯಲ್ಲಿ ಕಾಶಿಗೆ ಹೋಗಲೆಂದೇ ಕುದುರೆಯನ್ನು ಬಾಡಿಗೆಗೆ ಹಿಡಿದು, ಕಾಶಿ ಬಿಟ್ಟು ಕಟಕ್ ದಾರಿ ಹಿಡಿಯುತ್ತಾನೆ. ಅಲ್ಲಿ ಕುದುರೆ ಬೀಳುತ್ತದೆ. ಅವನೂ ಹೊಣೆ.

ಮಹಾಕೂಟವನ್ನು ಈ ಭಾಗದ ಜನ ದಕ್ಷಿಣ ಕಾಶಿ ಎನ್ನುತ್ತಾರೆ. ಬಾಗಲಕೋಟೆಯ ನವನಗರದಲ್ಲಿ ಆಫೀಸಿಗೆ ಹೋಗಿಬರಲು ಎಂದು ಬರೆಸಿಕೊಂಡು ಕೊಟ್ಟ ಕಾರಿನಲ್ಲಿ ಮನೆಮಂದಿಯೆಲ್ಲ ಹತ್ತಿ, ಬನಶಂಕರಿ, ಶಿವಯೋಗಮಂದಿರ, ಮಹಾಕೂಟ, ಪಟ್ಟದಕಲ್ಲು ಎಂದು ಒಂದು ಸುತ್ತು ಹಾಕಿದರೆ, ಸ್ಟೇರಿಂಗನ್ನು ಅಳಿಯನ ಕೈಗೆ ಕೊಟ್ಟರೆ, ಆ ಎರಡೂ ಕುದುರೆಗಳ ಕಥೆ ಒಟ್ಟಿಗೇ ನಡೆದಂತಾಯಿತು. ಅಳಿಯ ಎಷ್ಟೇ ನಾಜೂಕಾಗಿ ಓಡಿಸಿರಲಿ, ಲೆಕ್ಕಕ್ಕೆ ಬರುವುದು ಅನುಮತಿ. ಆದ್ದರಿಂದ ಕಾರು ಒಯ್ಯುವ ಮುಂಚೆಯೇ ‘ರವಿವಾರ ಮಹಾಕೂಟಕ್ಕ ಹೋಗೂದೈತ್ರಿ, ನಮ್ಮ ಅಳಿಯಾನೂ ಓಡಸ್ತಾನ, ನಡೀತದೇನ್ರಿ?’ ಎಂದು ಕೇಳಿ, ಸರ್ವಿಸ್ ಅಡ್ವೈಸರ್‌ನಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ‘ಆಯ್ತು’ ಬರೆಸಿಕೊಂಡರೆ ಅದಕ್ಕಿರುವ ಬೆಲೆ ದೊಡ್ಡದು.

ಇದೇ ಅಧ್ಯಾಯ ಕೊಡುವವನ ಮೇಲೂ ಹೊಣೆ ಹೊರಿಸುತ್ತದೆ. 150ನೇ ಕಲಮಿನ ಪ್ರಕಾರ ವಸ್ತುವಿನಲ್ಲಿ ತನಗೆ ಗೊತ್ತಿರುವ ದೋಷವನ್ನು ಕೊಡುವವನು ಹೇಳಲೇಬೇಕು. ಬ್ರೇಕ್ ಎಡಕ್ಕೆ ಎಳೆಯುತ್ತದೆ, ರಿವರ್ಸ್ ಕ್ಯಾಮೆರಾ ಕೆಟ್ಟಿದೆ ಎಂಬುದು ಗೊತ್ತಿದ್ದೂ ಹೇಳದೆ ಕೊಟ್ಟರೆ, ಅದರಿಂದಾದ ನಷ್ಟ ಕೊಟ್ಟವನದು. ಬಾಡಿಗೆ ಪಡೆದು ಕೊಟ್ಟಿದ್ದರಂತೂ ಗೊತ್ತಿರಲಿಲ್ಲ ಎಂಬ ನೆವವೂ ಇಲ್ಲ. ಇನ್ನೊಂದು ಮಾತು ಗಮನಿಸಬೇಕು: ಕೇಳಿದಾಗ ಅಥವಾ ಒಪ್ಪಿದ ಹೊತ್ತಿಗೆ ಹಿಂದಿರುಗಿಸದಿದ್ದರೆ, 161ನೇ ಕಲಮಿನಂತೆ ಆ ಹೊತ್ತಿನಿಂದ ಮುಂದಿನ ಹಾನಿಯೆಲ್ಲ ಒಯ್ದವನ ಪಾಲಿಗೆ. ಶನಿವಾರ ಸಂಜೆ ಕೊಡಬೇಕಾದದ್ದನ್ನು ‘ಇನ್ನೊಂದ್ ದಿನ ಇರ್ಲಿ’ ಎಂದು ಇಟ್ಟುಕೊಂಡರೆ, ರವಿವಾರದ ಆಲಿಕಲ್ಲು ಮಳೆಯೂ ನಮ್ಮ ಲೆಕ್ಕಕ್ಕೇ ಬರುತ್ತದೆ.

ಕಲ್ಯಾಣದಲ್ಲಿ ಬರೆದಿಟ್ಟ ನ್ಯಾಯ

ಈ ನ್ಯಾಯವನ್ನು ಇಂಗ್ಲಿಷರು ಹಡಗಿನಲ್ಲಿ ತಂದರು ಎಂದು ತಿಳಿಯುವುದು ಸರಿಯಲ್ಲ. ಬಾದಾಮಿ ಚಾಲುಕ್ಯರ ವಂಶದವರೇ ತಾವೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಹಿಂದೂ ಉತ್ತರಾಧಿಕಾರದ ಕಾನೂನಿಗೆ ಅದು ಆಧಾರವಾದ ಕತೆ ವಕೀಲರಿಗೆಲ್ಲ ಗೊತ್ತು. ಆಸ್ತಿ ಹಂಚಿಕೆಯ ಗದ್ದಲದಲ್ಲಿ ಅದರ ಇನ್ನೊಂದು ಭಾಗ ಮರೆಯಾಗಿದೆ: ಇನ್ನೊಬ್ಬರ ಕೈಗೆ ಒಪ್ಪಿಸಿದ ವಸ್ತುವಿನ ಪ್ರಕರಣ.

ಅಲ್ಲಿನ ನಿಯಮ ಹೀಗಿದೆ. ಒಪ್ಪಿಸಿದ್ದನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ತೆರಬೇಕಿಲ್ಲ. ಆದರೆ ಕೇಳಿದಾಗ ಕೊಡದೆ, ಆಮೇಲೆ ಅದು ನಾಶವಾದರೆ, ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಒಡೆಯನ ಒಪ್ಪಿಗೆಯಿಲ್ಲದೆ ತನ್ನ ಇಚ್ಛೆಯಂತೆ ಬಳಸಿಕೊಂಡವನಿಗೂ ದಂಡ ಉಂಟು, ಬಳಸಿ ಪಡೆದ ಲಾಭವನ್ನೂ ಅವನು ಕಕ್ಕಬೇಕು. ಈ ನಿಯಮ ಎರವಲು ತಂದ ವಸ್ತುವಿಗೂ ಅನ್ವಯ ಎಂದು ಸ್ಮೃತಿಯೇ ಹೇಳುತ್ತದೆ. ಎರವಲು ಎಂದರೆ ಮದುವೆ ಮೊದಲಾದ ಸಮಾರಂಭಕ್ಕೆ ಬೇಡಿ ತಂದ ಬಟ್ಟೆ, ಒಡವೆ ಎಂದು ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ. ಮದುವೆಗೆ ಅಕ್ಕನ ಬಂಗಾರ, ಓರಗಿತ್ತಿಯ ಇಳಕಲ್ಲ ಸೀರೆ ತಂದುಟ್ಟು ಮೂರನೇ ದಿನ ಒಪ್ಪಿಸಿ ಬರುವ ಊರಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು ಎಂಟುನೂರು ವರ್ಷಗಳ ಅಂತರದ ಎರಡು ಗ್ರಂಥಗಳು ಒಂದೇ ಗೆರೆಯನ್ನು ಎಳೆಯುತ್ತವೆ. ಕೈಮೀರಿ ಆದದ್ದಕ್ಕೆ ಕ್ಷಮೆ ಇದೆ. ಮಾತು ಮೀರಿ ಬಳಸಿದ್ದಕ್ಕೂ, ಕೇಳಿದಾಗ ಕೊಡದಿದ್ದಕ್ಕೂ ಇಲ್ಲ.

ಮಹಾಕೂಟದ ಮಣ್ಣಿಗೆ ಒಪ್ಪಿಸಿದ ವಸ್ತುವಿನ ಮಾತು ಇನ್ನೂ ಹಳೆಯದು. ಬಾದಾಮಿ ಚಾಲುಕ್ಯರ ದೊರೆ ಮಂಗಳೇಶ ಕ್ರಿ.ಶ. 602ರಲ್ಲಿ ನಿಲ್ಲಿಸಿದ ಕಂಬಶಾಸನ, ಮೊದಲನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಹಾಕೂಟೇಶ್ವರನಿಗೆ ಬಿಟ್ಟ ಹತ್ತು ಹಳ್ಳಿಗಳ ದತ್ತಿಯನ್ನು ದಾಖಲಿಸುತ್ತದೆ. ಆ ಕಂಬ ಈಗ ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ದೇವಾಲಯದ ಕಂಬದ ಮೇಲೆ, ಅದೇ ವಂಶದ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟದ್ದನ್ನು ಹೇಳುವ ಕನ್ನಡ ಶಾಸನ ಮಹಾಕೂಟದಲ್ಲೇ ಉಳಿದಿದೆ. ಕೊಟ್ಟದ್ದು ಏನು, ಯಾರು, ಯಾರಿಗೆ ಎಂಬುದನ್ನು ಕಲ್ಲಿನ ಮೇಲೆ ಬರೆಸಿಡುವ ಎಚ್ಚರ ಅವರಿಗಿತ್ತು.

ಇಳಕಲ್ಲ–ಕುಷ್ಟಗಿ ರಸ್ತೆಯ ಒಂದು ರಾತ್ರಿ

ಬಂಪರಿನ ಗೀರು ಸಣ್ಣದು. ಆದರೆ ಬೇರೆಯವರ ಗಾಡಿ ಓಡಿಸುವಾಗ ಕಾನೂನಿನ ಕಣ್ಣಲ್ಲಿ ನಾವು ಯಾರು ಎಂಬ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಉತ್ತರ ಬಂದದ್ದು ನಮ್ಮ ಭಾಗದ ರಸ್ತೆಯಿಂದಲೇ. 2000ನೇ ಇಸವಿಯ ಆಗಸ್ಟ್‌ನಲ್ಲಿ ಒಬ್ಬರು ಬೇರೆಯವರ ಹೀರೋ ಹೋಂಡಾ ಬೈಕನ್ನು ಕೇಳಿ ಪಡೆದು ಇಳಕಲ್ಲದಿಂದ ತಮ್ಮ ಊರಿಗೆ ಹೊರಟಿದ್ದರು. ರಾತ್ರಿ ಹೊತ್ತು. ಇಳಕಲ್ಲ–ಕುಷ್ಟಗಿ ಹೆದ್ದಾರಿಯಲ್ಲಿ ಕಬ್ಬಿಣದ ತಗಡು ಹೇರಿಕೊಂಡು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಿತು. ಬೈಕು ಅದಕ್ಕೆ ಬಡಿಯಿತು. ಇಳಕಲ್ಲದ ಸರ್ಕಾರಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಅವರು ತೀರಿಕೊಂಡರು.

ಮನೆಯವರು ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಪರಿಹಾರ ಕೊಡಿಸುತ್ತಿದ್ದ ಮೋಟಾರು ವಾಹನ ಕಾಯ್ದೆಯ 163ಎ ಕಲಮಿನಡಿ ಅರ್ಜಿ ಹೋಗಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2009ರಲ್ಲಿ ತೀರ್ಪು ಬಂತು. ಗಾಡಿಯನ್ನು ಎರವಲು ತಂದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತಿರುತ್ತಾನೆ. ಆ ಕಲಮಿನಡಿ ಪರಿಹಾರ ಕೊಡಬೇಕಾದವನು ಮಾಲೀಕ. ಕೊಡಬೇಕಾದವನೇ ಪಡೆಯುವವನೂ ಆಗಲಾರ. ಆದ್ದರಿಂದ ಆ ದಾರಿ ಮುಚ್ಚಿತು. ಬೇರೆ ಕಲಮಿನಡಿ ನ್ಯಾಯಯುತ ಪರಿಹಾರ ಸಾಧ್ಯವೇ ನೋಡಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಲಾಯಿತು. 2020ರ ಇನ್ನೊಂದು ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಎತ್ತಿಹಿಡಿದು, ಪಾಲಿಸಿಯಲ್ಲಿ ಬರೆದಿದ್ದ ವೈಯಕ್ತಿಕ ಅಪಘಾತದ ಒಂದು ಲಕ್ಷ ರೂಪಾಯಿಯನ್ನಷ್ಟೇ ಕೊಡಿಸಿತು. 163ಎ ಕಲಮು 2022ರ ಏಪ್ರಿಲ್‌ನಿಂದ ಇಲ್ಲ, ಅದರ ಜಾಗಕ್ಕೆ 164 ಬಂದಿದೆ.

ಈ ತೀರ್ಪು ಓದಿದಾಗ ನನಗೆ ಸಂಕಟವಾಯಿತು. ಗೆಳೆಯನ ಗಾಡಿ ಕೇಳುವಾಗ ನಮ್ಮಲ್ಲಿ ಯಾರೂ ವಿಮೆಯ ಕಾಗದ ಕೇಳುವುದಿಲ್ಲ. ಕೇಳಿದರೆ ವಿಶ್ವಾಸಕ್ಕೆ ಧಕ್ಕೆ ಎಂದುಕೊಳ್ಳುತ್ತೇವೆ. ಶೋರೂಮಿನ ಕಾರಿನಲ್ಲಿ ಈ ಕೇಳುವಿಕೆ ಇನ್ನೂ ಮುಖ್ಯ. ಏಕೆಂದರೆ ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ವಿಮೆ ಇರುವುದು ಲೈಸೆನ್ಸ್ ಇರುವ ವ್ಯಕ್ತಿ-ಮಾಲೀಕನಿಗೆ. ಕಾರು ಕಂಪನಿಯ ಹೆಸರಿನಲ್ಲಿದ್ದರೆ ಆ ವಿಮೆಯನ್ನು ಕೊಡಲು ಬರುವುದಿಲ್ಲ. ಚಾಲಕನಿಗೂ ಪ್ರಯಾಣಿಕರಿಗೂ ಬೇರೆ ವಿಮೆ ಸೇರಿಸಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನಂಬರ್ ಪ್ಲೇಟಿನ ಬಣ್ಣವನ್ನೂ ನೋಡಿ. ಬಿಳಿ ಪ್ಲೇಟಿನ ಮೇಲೆ ಕಪ್ಪಕ್ಷರದ ಕೆಎ–29 ಇದ್ದರೆ ಅದು ಬಾಗಲಕೋಟೆಯಲ್ಲಿ ನೋಂದಾಯಿತ ಖಾಸಗಿ ಗಾಡಿ. ಕೆಂಪು ಪ್ಲೇಟಿನ ಮೇಲೆ ಬಿಳಿ ಅಕ್ಷರವಿದ್ದರೆ ಅದು ನೋಂದಣಿಯಾಗದ, ಡೀಲರ್‌ನ ಟ್ರೇಡ್ ಸರ್ಟಿಫಿಕೇಟ್ ಮೇಲೆ ಓಡುವ ಗಾಡಿ. ಗಿರಾಕಿಗೆ ಓಡಿಸಿ ತೋರಿಸುವುದು, ಪರೀಕ್ಷೆ, ಸಾಗಣೆ ಇಂಥ ಗೊತ್ತುಪಡಿಸಿದ ಕೆಲಸಗಳಿಗೆ ಮಾತ್ರ ಅದು ರಸ್ತೆಗಿಳಿಯಬಹುದು. ಅದರಲ್ಲಿ ದೇವಸ್ಥಾನಕ್ಕೆ ಹೋಗುವುದು ಬೇಡವೇ ಬೇಡ. ಇನ್ನು ಸಾಮಾನ್ಯ ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲುಗಳಿರುತ್ತವೆ. ಬಾಡಿಗೆಗೆ ಓಡಿಸುವುದು, ರೇಸು, ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆ ಇವೆಲ್ಲ ಹೊರಗೆ. ಬಿಳಿ ಪ್ಲೇಟಿನ ಕಾರು ಕೊಟ್ಟು ‘ದಿನಕ್ಕ ಇಷ್ಟು ಕೊಡ್ರಿ ಸಾಕು’ ಎಂದರೆ ಆ ದಿನದಿಂದಲೇ ವಿಮೆ ಅಲುಗಾಡುತ್ತದೆ.

ಹನ್ನೊಂದು ಸಾವಿರದ ಬಿಲ್ಲು

ಸಣ್ಣ ಗೀರಿಗೆ ಇಷ್ಟೊಂದು ದುಡ್ಡೇ ಎಂದು ಹೌಹಾರುವವರು ಬಣ್ಣ ಹೇಗೆ ಕೂತಿರುತ್ತದೆ ಎಂದು ತಿಳಿದರೆ ಒಳ್ಳೆಯದು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿದರೂ 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಗೀರಿನ ಮೇಲೆ ಉಗುರು ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕದೆ ಜಾರಿದರೆ ಗೀರು ಕ್ಲಿಯರ್ ಕೋಟಿನಲ್ಲೇ ಇದೆ. ರಬ್ಬಿಂಗ್, ಪಾಲಿಶ್‌ನಲ್ಲಿ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಬಣ್ಣಕ್ಕೆ ಇಳಿದಿದೆ. ಬೂದು ಪ್ರೈಮರೋ ತಗಡೋ ಕಂಡರೆ ಆ ಪ್ಯಾನೆಲ್ ಪೂರ್ತಿ ಪೇಂಟ್ ಬೂತಿಗೆ ಹೋಗಬೇಕು. ಮೆಟಾಲಿಕ್ ಬಣ್ಣವಾದರೆ ಬಿಸಿಲಿಗೆ ಎರಡು ಛಾಯೆ ಕಾಣದಂತೆ ಪಕ್ಕದ ಪ್ಯಾನೆಲ್ಲಿಗೂ ತೆಳುವಾಗಿ ಹೊಡೆಯಬೇಕಾಗುತ್ತದೆ. ದುಡ್ಡು ಹೋಗುವುದು ಇಲ್ಲೇ.

ಬಾದಾಮಿ, ಮಹಾಕೂಟದ ಕಡೆ ಕಾರಿಗೆ ಗೀರು ಬೀಳಲು ಕಲ್ಲಿಗೆ ಉಜ್ಜಲೇಬೇಕೆಂದಿಲ್ಲ. ಇಲ್ಲಿನ ಗುಡ್ಡಗಳು ಮರಳುಗಲ್ಲಿನವು. ಆ ಕಲ್ಲು ಸವೆದು ಉದುರುವ ಕೆಂಪು ಧೂಳಿನಲ್ಲಿ ಸ್ಫಟಿಕಶಿಲೆಯ ಕಣಗಳಿರುತ್ತವೆ, ಅವು ಕಾರಿನ ಕ್ಲಿಯರ್ ಕೋಟಿಗಿಂತ ಬಹಳ ಗಟ್ಟಿ. ಬೇರೆಯವರ ಕಾರು, ಚೊಕ್ಕ ಮಾಡಿ ಕೊಡೋಣ ಎಂದು ಸಂಜೆ ಒಣ ಅರಿವೆಯಿಂದ ಗಸಗಸ ಒರೆಸುವವರು ಉಪಕಾರ ಮಾಡುತ್ತಿರುವುದಿಲ್ಲ. ಮರಳು ಕಾಗದದಿಂದ ತಿಕ್ಕಿದ ಹಾಗಾಗುತ್ತದೆ. ಮಾರನೇ ದಿನ ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಸುರುಳಿ ಸುರುಳಿ ಗೆರೆಗಳು ಏಳುತ್ತವೆ. ಮೊದಲು ಧಾರಾಳವಾಗಿ ನೀರು ಹೊಯ್ದು ಧೂಳು ಇಳಿಸಬೇಕು. ನೀರಿಲ್ಲದಿದ್ದರೆ ಧೂಳಿನ ಗಾಡಿಯನ್ನು ಹಾಗೆಯೇ ಒಪ್ಪಿಸುವುದು ಮೇಲು.

ಇಲ್ಲಿ ಮಂಗಗಳ ಮಾತನ್ನೂ ಹೇಳಬೇಕು. ಬಾನೆಟ್ ಮೇಲೆ ಹಾರಿ, ಕನ್ನಡಿ ತಿರುವಿ, ವೈಪರಿನ ರಬ್ಬರ್ ಕಿತ್ತರೆ ಅದು ವಿಜ್ಞಾನೇಶ್ವರನ ಪಟ್ಟಿಯ ದೈವದ ಸಾಲಿಗೆ ಸೇರುತ್ತದೆ ಎಂದು ವಾದಿಸಬಹುದು. ಆದರೆ ಬಾಳೆಹಣ್ಣಿನ ಚೀಲವನ್ನು ಸೀಟಿನ ಮೇಲೆ ಕಾಣುವಂತೆ ಇಟ್ಟು, ಗಾಜು ನಾಲ್ಕು ಬೆರಳು ಇಳಿಸಿ ಹೋಗಿದ್ದರೆ ಆ ವಾದ ಬಿದ್ದುಹೋಗುತ್ತದೆ. ಈ ಕ್ಷೇತ್ರದ ಮಂಗಗಳನ್ನು ಅರಿತ ಯಾವ ವಿವೇಕಿಯೂ ತನ್ನ ಸ್ವಂತ ಕಾರಿನಲ್ಲಿ ಹಾಗೆ ಮಾಡುವುದಿಲ್ಲ.

ಈಗ ವಿಮೆ. ಬಂಪರಿಗೆ 6,000, ಬಣ್ಣಕ್ಕೆ 4,000, ಕೂಲಿ 1,000, ಒಟ್ಟು 11,000 ರೂಪಾಯಿ ಬಿಲ್ಲು ಎಂದು ಉದಾಹರಣೆಗೆ ಹಿಡಿಯೋಣ, ತೆರಿಗೆ ಬಿಡಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ 50 ಸವಕಳಿ ಕಡಿತವಿದೆ, ಬಂಪರಿಗೆ ಸಿಗುವುದು 3,000. ಬಣ್ಣದ ಬಿಲ್ಲಿನಲ್ಲಿ ಶೇ 25 ಸಾಮಗ್ರಿ ಎಂದು ಲೆಕ್ಕ ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ, ಸಿಗುವುದು 3,500. ಕೂಲಿ ಪೂರ್ತಿ. ಅಲ್ಲಿಗೆ 7,500. ಅದರಲ್ಲಿ ಕಡ್ಡಾಯ ಕಡಿತ, ವರ್ಕ್‌ಶಾಪಿನವರು ಫೈಲ್ ಚಾರ್ಜ್ ಎನ್ನುವುದು, 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಕೊನೆಗೆ ವಿಮೆ ಕೊಡುವುದು 6,500, ಕೈಯಿಂದ ಹೋಗುವುದು 4,500. ಸವಕಳಿ ಕಡಿಯದ ಜೀರೋ ಡೆಪ್ರಿಸಿಯೇಶನ್ ಪಾಲಿಸಿಯಾದರೆ ಸಾವಿರ ರೂಪಾಯಿಗೇ ಮುಗಿಯುತ್ತದೆ. ಆದರೆ ಒಂದು ಕ್ಲೇಮ್ ಹಾಕಿದರೆ, ವರ್ಷದಿಂದ ವರ್ಷಕ್ಕೆ ಶೇ 20ರಿಂದ ಏರಿ ಶೇ 50ರವರೆಗೆ ಮುಟ್ಟುವ ನೋ ಕ್ಲೇಮ್ ಬೋನಸ್ ಮುಂದಿನ ವರ್ಷಕ್ಕೆ ಹೋಯಿತು. ಸಣ್ಣ ಗೀರಿಗೆ ಕ್ಲೇಮ್ ಬೇಡ, ಗಿರಾಕಿಯೇ ಖರ್ಚು ಕೊಡಲಿ ಎಂದು ಡೀಲರ್ ಬಯಸುವುದು ಇದಕ್ಕೇ. ಆ ಬಯಕೆ ಅನ್ಯಾಯವೇನಲ್ಲ, ಆದರೆ ಖರ್ಚು ಎಂದರೆ ನಿಜವಾದ ಖರ್ಚು. ಎಸ್ಟಿಮೇಟ್ ಕೇಳುವ ಹಕ್ಕು ನಿಮಗಿದೆ. ‘ಸ್ಕ್ರ್ಯಾಚ್ ಬಿದ್ದರೆ 25,000’ ಎಂದು ಫಾರಂನಲ್ಲಿ ಮೊದಲೇ ಅಚ್ಚು ಹಾಕಿಸಿದ್ದರೂ, ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಆ ಮೊತ್ತ ಮೇಲ್ಮಿತಿ ಮಾತ್ರ. ಅದರೊಳಗೆ ಸಮಂಜಸವಾದಷ್ಟನ್ನೇ ಕೇಳಬಹುದು.

ಹೇಳುವ ಹೊತ್ತು

ಇಷ್ಟೆಲ್ಲ ಕಲಮು, ಲೆಕ್ಕಗಳ ನಡುವೆ ನಿಜಕ್ಕೂ ವ್ಯತ್ಯಾಸ ಮಾಡುವುದು ಗೀರು ಬಿದ್ದ ಮೇಲಿನ ಮೊದಲ ಅರ್ಧ ಗಂಟೆ. ಗಾಡಿಯನ್ನು ಸರಿಸುವ ಮುಂಚೆ ಕಲ್ಲು, ಬಂಪರ್, ನಂಬರ್ ಪ್ಲೇಟ್ ಮೂರೂ ಕಾಣುವಂತೆ ಒಂದು ಫೋಟೋ, ಗೀರಿನ ಹತ್ತಿರದಿಂದ ಇನ್ನೊಂದು. ಬೇರೆಯವರ ಬೈಕಿಗೋ ಅಂಗಡಿಯ ಕಟ್ಟೆಗೋ ತಾಗಿದ್ದರೆ ಅವರೊಂದಿಗೆ ಮಾತಾಡಿಯೇ ಹೊರಡಬೇಕು. ಮತ್ತೊಬ್ಬರ ಆಸ್ತಿಗೆ ಹಾನಿಯಾದಾಗ ಪೊಲೀಸರು ಕೇಳಿದರೆ ಅವರಿಗೂ, ವಿಮಾ ಕಂಪನಿಗೂ ಮಾಹಿತಿ ಕೊಡುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಚಾಲಕನ ಕರ್ತವ್ಯ. ಆಮೇಲೆ ಅಲ್ಲಿಂದಲೇ ಫೋನು. ‘ಸರ್, ಹಿಂದಿನ ಬಂಪರ್ ಎಡಕ್ಕ ಕಲ್ಲಿಗೆ ಉಜ್ಜೇತ್ರಿ. ಮಹಾಕೂಟದಾಗ ರಿವರ್ಸ್ ತಗೀವಾಗ ಆತು. ಫೋಟೋ ಕಳ್ಸೇನಿ, ನೋಡ್ರಿ.’ ಇಷ್ಟು ಸಾಕು. ನೆವ ಬೇಡ.

ಬಾದಾಮಿಯ ಯಾವುದೋ ಗ್ಯಾರೇಜಿನಲ್ಲಿ ಟಚಪ್ ಮಾಡಿಸಿ ಗೊತ್ತಾಗದಂತೆ ಒಪ್ಪಿಸೋಣ ಎಂಬ ಯೋಚನೆ ಬಹಳ ಜನರಿಗೆ ಬರುತ್ತದೆ. ಅದು ದುಡ್ಡಿನ ದೃಷ್ಟಿಯಿಂದಲೂ ತಪ್ಪು ಲೆಕ್ಕ. ವಿಮಾ ಕಂಪನಿಯ ಸರ್ವೇಯರ್ ನೋಡುವ ಮುಂಚೆ ರಿಪೇರಿ ಮಾಡಿಸಿದರೆ ವಿಮೆಯ ದಾರಿ ಮುಚ್ಚುವ ಅಪಾಯವಿದೆ. ತಗಡಿನ ಮೇಲಿನ ಬಣ್ಣದ ದಪ್ಪ ಅಳೆಯುವ ಅಂಗೈಯಗಲದ ಯಂತ್ರಗಳಿವೆ. ಮೇಲೆ ಹೊಡೆದ ಬಣ್ಣವನ್ನು ಅವು ತಕ್ಷಣ ತೋರಿಸುತ್ತವೆ. ಬಂಪರ್ ಪ್ಲಾಸ್ಟಿಕ್ಕಾದ್ದರಿಂದ ಅಲ್ಲಿ ಆ ಯಂತ್ರ ನಡೆಯದಿದ್ದರೂ, ವರ್ಷಗಟ್ಟಲೆ ಬಣ್ಣ ಹೊಡೆದ ಪೇಂಟರನ ಕಣ್ಣು ತಪ್ಪುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ದುಡ್ಡಿನ ಮಾತಲ್ಲ. ಮುಚ್ಚಿಟ್ಟ ಗೀರಿನ ಲೆಕ್ಕವನ್ನು ಮ್ಯಾನೇಜರ್ ಕೇಳುವುದು ಸಂಜೆ ಗೇಟಿನಲ್ಲಿ ಕೀ ಇಸಿದುಕೊಂಡ ಹುಡುಗನನ್ನು, ಗಾಡಿ ತೊಳೆಯುವವನನ್ನು, ಯಾರ್ಡಿನಲ್ಲಿ ಗಾಡಿ ಸರಿಸುವ ಡ್ರೈವರನನ್ನು. ತಿಂಗಳ ಪಗಾರಿನಲ್ಲಿ ಹನ್ನೊಂದು ಸಾವಿರ ಅವರಿಗೆ ಏನೆಂದು ನಾವು ಊಹಿಸಬಲ್ಲೆವು. ಅವರೂ ಪಾರಾದರೆ, ಮುಂದೆ ಆ ಕಾರು ಒಯ್ಯುವ ಗಿರಾಕಿಯ ತಲೆಗೆ ಬರುತ್ತದೆ. ಹೇಳದೆ ಹೋದ ಗೀರಿಗೆ ಯಾರಾದರೂ ಒಬ್ಬರು ತೆತ್ತೇ ತೆರುತ್ತಾರೆ, ಮತ್ತು ಹಾಗೆ ತೆರುವವರು ಗೀರು ಹಾಕಿದವರಾಗಿರುವುದಿಲ್ಲ.

ನಿಮ್ಮ ಮೇಲೆ ಇಲ್ಲದ ಗೀರನ್ನು ಹೊರಿಸುವ ಸಂದರ್ಭವೂ ಬರಬಹುದು. ಅದಕ್ಕೇ ಕಾರು ಒಯ್ಯುವಾಗಲೇ ಹಗಲು ಬೆಳಕಿನಲ್ಲಿ ಸುತ್ತಲೂ ಒಂದು ವಿಡಿಯೋ ಮಾಡಿಕೊಳ್ಳಬೇಕು. ಮುಂದಿನ ಬಂಪರಿನ ಅಡಿ, ನಾಲ್ಕೂ ಅಲಾಯ್ ವೀಲ್, ಗಾಜಿನ ಅಂಚು ಇವನ್ನೇ ಜನ ಮರೆಯುವುದು. ಫಾರಂನಲ್ಲಿ ಕಾರಿನ ಚಿತ್ರವಿರುತ್ತದೆ, ಹಳೆಯ ಗೀರುಗಳಿಗೆ ಅದರ ಮೇಲೆ ಗುರುತು ಹಾಕಿಸಿ. ಮಾತಿನಲ್ಲಿ ಬಗೆಹರಿಯದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಅದರ ಮುಂದೆ ಜಿಲ್ಲಾ ಗ್ರಾಹಕರ ಆಯೋಗವಿದೆ.

ಕೊನೆಯದಾಗಿ, ಗಿರಾಕಿಗಳು ಮರೆಯುವ ಒಂದು ಸಂಗತಿ. ಶೋರೂಮಿನ ಕಾರು ನಿಮ್ಮ ವಶದಲ್ಲಿದ್ದ ಅಷ್ಟೂ ದಿನ ನಿಮ್ಮ ಕಾರು ಅವರ ವಶದಲ್ಲಿತ್ತು. 151ನೇ ಕಲಮಿನ ಜತನ ಅವರ ಮೇಲೂ ಅಷ್ಟೇ ಇದೆ. ‘ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ’ ಎಂದು ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದರೂ ಅವರು ಪಾರಾಗುವುದಿಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಕೀ ಕೊಟ್ಟು ಬಿಟ್ಟಿದ್ದ ಮಾರುತಿ ಜೆನ್ ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಅಂಥ ಸಾಲು ಬರೆದ ಮಾತ್ರಕ್ಕೆ ಅಜಾಗರೂಕತೆಯ ಹೊಣೆ ಕಳಚುವುದಿಲ್ಲ, ತಕ್ಕ ಜತನ ಮಾಡಿದ್ದೆವು ಎಂದು ತೋರಿಸಬೇಕಾದವರು ವಸ್ತುವನ್ನು ವಶದಲ್ಲಿಟ್ಟುಕೊಂಡವರೇ. ಆದ್ದರಿಂದ ಬದಲಿ ಕಾರಿನ ಕೀ ಒಪ್ಪಿಸಿ, ಗೀರಿನ ಲೆಕ್ಕ ಮುಗಿಸಿ, ಡೆಲಿವರಿ ಕಾಗದಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಕಾರಿನ ಸುತ್ತಲೂ ಒಮ್ಮೆ ನಡೆಯಿರಿ. ತೊಳೆದ ನೀರು ಆರಿದ ಮೇಲೆ ನೋಡಿ, ಒದ್ದೆ ಬಣ್ಣದಲ್ಲಿ ಗೀರು ಕಾಣುವುದಿಲ್ಲ. ಹೊಸದೇನಾದರೂ ಕಂಡರೆ, ಸರ್ವಿಸ್ ಅಡ್ವೈಸರ್ ಎದುರಿನಲ್ಲೇ ಜಾಬ್ ಕಾರ್ಡಿನ ಮೇಲೆ ಬರೆಸಿ.